ಕಾರ್ಬುರೇಟರ್ ಹೋಯಿತು, ಚೈನ್ ಉಳಿಯಿತು: ಬಿಎಸ್6 ಬೈಕಿನಲ್ಲಿ ನಮ್ಮ ಕೈಗೆ ಸಿಗುವ ಕೆಲಸಗಳು

“ಈಗಿನ ಗಾಡೀಲಿ ಎಲ್ಲಾ ಕಂಪ್ಯೂಟರ್ರು ಸಾರ್, ನಾವು ಕೈ ಹಾಕಂಗಿಲ್ಲ.” 2020ರ ಈಚಿನ ಬೈಕ್ ಇಟ್ಟುಕೊಂಡವರು ಯಾವುದಾದರೂ ಗ್ಯಾರೇಜಿನಲ್ಲಿ ಈ ಮಾತು ಕೇಳಿಯೇ ಇರುತ್ತಾರೆ. ಮೆಕ್ಯಾನಿಕ್ ಇದನ್ನು ಬೇಜಾರಿನಿಂದ ಹೇಳುತ್ತಾನೆ. ಗಾಡಿಯವರು ಇದನ್ನೇ ನೆಪ ಮಾಡಿಕೊಂಡು ಚೈನಿಗೆ ಆಯಿಲ್ ಹಾಕುವುದನ್ನೂ ನಿಲ್ಲಿಸುತ್ತಾರೆ. ಮಾತು ಅರ್ಧ ನಿಜ. ಕಂಪ್ಯೂಟರ್ ತನ್ನ ವಶಕ್ಕೆ ತೆಗೆದುಕೊಂಡದ್ದು ಮುಖ್ಯವಾಗಿ ಎರಡು ಕೆಲಸ: ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಬಿಡಬೇಕು, ಪ್ಲಗ್ಗಿನಲ್ಲಿ ಯಾವ ಕ್ಷಣಕ್ಕೆ ಕಿಡಿ ಹಾರಬೇಕು. ಚೈನು, ಕ್ಲಚ್ಚು, ಬ್ರೇಕು, ಟೈರು, ಆಯಿಲ್ಲು ಹೆಚ್ಚುಕಮ್ಮಿ ಹಿಂದಿದ್ದ ಹಾಗೇ ಇವೆ. ದಿನಬಳಕೆಯ ಗಾಡಿ ಕೆಡುವುದೂ ಬಹುಪಾಲು ಇವುಗಳಿಂದಲೇ. ಹಳೇ ಗಾಡಿಯಲ್ಲಿ ಜಾಣತನ ಎನಿಸಿಕೊಂಡಿದ್ದ ಕೆಲವು ಅಭ್ಯಾಸಗಳು ಮಾತ್ರ ಹೊಸ ಗಾಡಿಗೆ ಕುತ್ತು ತರುತ್ತವೆ. ಯಾಕೆ ಅನ್ನುವುದು ತಿಳಿಯಬೇಕಾದರೆ ಮೊದಲು ಬದಲಾದದ್ದೇನು ಎಂದು ನೋಡಬೇಕು.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್6 ಹೊಗೆ ನಿಯಮ ಜಾರಿಗೆ ಬಂತು. ಪೆಟ್ರೋಲಿನಲ್ಲಿರುವ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಅಲ್ಲಿಯವರೆಗೆ 100–125 ಸಿಸಿಯ ಬಹುತೇಕ ಬೈಕುಗಳು ಕಾರ್ಬುರೇಟರ್‌ನಲ್ಲೇ ಓಡುತ್ತಿದ್ದವು. ಹೊಸ ನಿಯಮದ ಬಿಗಿಯಲ್ಲಿ ಅದು ನಿಲ್ಲಲಾರದೆ ಫ್ಯುಯೆಲ್ ಇಂಜೆಕ್ಷನ್, ಅಂದರೆ ಎಫ್‌ಐ, ಕಡಿಮೆ ಬೆಲೆಯ ಗಾಡಿಗಳಿಗೂ ಇಳಿದು ಬಂತು. ಹೊಗೆಯ ಕಾರಣಕ್ಕೆ ಒಂದು ತಲೆಮಾರಿನ ಯಂತ್ರ ಮನೆಗೆ ಹೋದದ್ದು ಇದೇ ಮೊದಲೇನಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಲು ಬೇರೆ ಕಾರಣಗಳೂ ಇದ್ದವು. ಆದರೆ ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುತ್ತಿದ್ದ ಜಾವಾ, ಯೆಜ್ಡಿಯಂಥ ಟೂ-ಸ್ಟ್ರೋಕ್ ಗಾಡಿಗಳಿಗೆ ಆ ಹೊತ್ತಿಗೆ ಹೊಗೆಯ ಲೆಕ್ಕ ಮುಳುವಾಗತೊಡಗಿತ್ತು. ಆಗ ಟೂ-ಸ್ಟ್ರೋಕ್ ಮೆಕ್ಯಾನಿಕ್‌ಗಳು ಫೋರ್-ಸ್ಟ್ರೋಕ್ ಕಲಿತರು. ಈಗ ಅವರ ಶಿಷ್ಯರು ಸ್ಕ್ಯಾನರ್ ಹಿಡಿಯುತ್ತಿದ್ದಾರೆ.

ಕಾರ್ಬುರೇಟರ್ ಮಾಡುತ್ತಿದ್ದ ಕೆಲಸ ಸರಳವಾದದ್ದು. ಎಂಜಿನ್ ಗಾಳಿ ಎಳೆಯುತ್ತದೆ. ಆ ಗಾಳಿ ಕಿರಿದಾದ ದಾರಿಯಲ್ಲಿ ನುಗ್ಗುವಾಗ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲ್ ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಮೇಲೆದ್ದು ಗಾಳಿಯಲ್ಲಿ ಬೆರೆಯುತ್ತದೆ. ಕರೆಂಟ್ ಬೇಡ, ಪಂಪ್ ಬೇಡ. ಆದರೆ ಆ ರಂಧ್ರದ ಅಳತೆ ಒಂದೇ. ಕುಂದಾಪುರದ ಸೆಕೆಗೂ ಮಡಿಕೇರಿಯ ಚಳಿಗೂ ಅದೇ ಜೆಟ್. ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಭಾಗಕ್ಕೆ ಸುಮಾರು 14.7 ಭಾಗ ಗಾಳಿ ಬೇಕು. ಕಾರ್ಬುರೇಟರ್ ಅದನ್ನು ಕಣ್ಣಂದಾಜಿಗೆ ಉಪ್ಪು ಹಾಕುವ ಅಡುಗೆಯವರ ಹಾಗೆ ಹಾಕುತ್ತಿತ್ತು. ಎಫ್‌ಐ ಪ್ರತಿ ಸಲ ರುಚಿ ನೋಡಿ ಹಾಕುತ್ತದೆ.

ರುಚಿ ನೋಡುವ ನಾಲಿಗೆ ಇರುವುದು ಸೈಲೆನ್ಸರ್ ಪೈಪಿನಲ್ಲಿ. ಅಲ್ಲಿ ಕೂರಿಸಿರುವ ಆಕ್ಸಿಜನ್ ಸೆನ್ಸರ್, ಉರಿದು ಬಂದ ಹೊಗೆಯಲ್ಲಿ ಆಮ್ಲಜನಕ ಉಳಿದಿದೆಯೇ ಎಂದು ನೋಡಿ ಇಸಿಯುಗೆ, ಅಂದರೆ ಗಾಡಿಯ ಕಂಪ್ಯೂಟರಿಗೆ, ತಿಳಿಸುತ್ತದೆ. ಉಳಿದಿದ್ದರೆ ಪೆಟ್ರೋಲ್ ಕಡಿಮೆಯಾಯಿತು, ಮುಂದಿನ ಸಲ ಸ್ವಲ್ಪ ಹೆಚ್ಚು ಬಿಡು. ಇಲ್ಲದಿದ್ದರೆ ಹೆಚ್ಚಾಯಿತು, ಕಡಿಮೆ ಮಾಡು. ಆಕ್ಸಿಲರೇಟರ್ ಎಷ್ಟು ತಿರುಗಿದೆ, ಒಳಗೆ ಹೋಗುವ ಗಾಳಿಯ ಒತ್ತಡ ಎಷ್ಟು, ಎಂಜಿನ್ ಎಷ್ಟು ಬಿಸಿಯಾಗಿದೆ, ಕ್ರ್ಯಾಂಕ್ ಯಾವ ಕೋನದಲ್ಲಿದೆ, ಇವಕ್ಕೆಲ್ಲ ಬೇರೆ ಬೇರೆ ಸೆನ್ಸರ್‌ಗಳಿವೆ. ಪೆಟ್ರೋಲ್ ಟ್ಯಾಂಕಿನೊಳಗೆ ಒಂದು ವಿದ್ಯುತ್ ಪಂಪ್ ಕೂತಿದೆ. ಕೀ ತಿರುಗಿಸಿದ ಕೂಡಲೇ ಸೀಟಿನ ಮುಂದೆ ಒಂದೆರಡು ಸೆಕೆಂಡ್ “ಜುಂಯ್” ಎನ್ನುವುದು ಅದೇ. ಅದು ಪೆಟ್ರೋಲನ್ನು ಸುಮಾರು 3 ಬಾರ್ ಒತ್ತಡದಲ್ಲಿ ಇಂಜೆಕ್ಟರಿಗೆ ತಳ್ಳುತ್ತದೆ. ಇಸಿಯು ಹೇಳಿದಷ್ಟು ಹೊತ್ತು, ಅಂದರೆ ಕೆಲವೇ ಮಿಲಿಸೆಕೆಂಡ್, ಇಂಜೆಕ್ಟರ್ ಬಾಯಿ ತೆರೆದು ಮುಚ್ಚುತ್ತದೆ.

ಹೀಗಾಗಿ “ಮೈಲೇಜ್ ಬರ್ತಿಲ್ಲ, ಸ್ವಲ್ಪ ಟ್ಯೂನ್ ಮಾಡಿ” ಎಂದು ಈಗ ಹೇಳಿ ಪ್ರಯೋಜನವಿಲ್ಲ. ಗಾಳಿ-ಪೆಟ್ರೋಲಿನ ಪಾಕ ಹೊಂದಿಸಲು ಕಾರ್ಬುರೇಟರಿನಲ್ಲಿದ್ದ ಏರ್ ಸ್ಕ್ರೂ ಈಗ ಇಲ್ಲ. ಮೈಲೇಜ್ ಇಳಿದಿದ್ದರೆ ಟೈರಿನ ಗಾಳಿ, ಅಂಟಿಕೊಂಡ ಬ್ರೇಕ್, ಒಣಗಿದ ಚೈನ್, ಕಟ್ಟಿಕೊಂಡ ಏರ್ ಫಿಲ್ಟರ್ ಮೊದಲು ನೋಡಬೇಕು. ಇವೆಲ್ಲ ಸರಿಯಿದ್ದ ಮೇಲೆಯೇ ಸೆನ್ಸರ್ ಮೇಲೆ ಅನುಮಾನ ಪಡಬೇಕು.

ಬಿಡಬೇಕಾದ ಹಳೇ ಚಾಳಿಗಳು

ಮೊದಲನೆಯದು ರಿಸರ್ವ್. ಹಳೇ ಟ್ಯಾಂಕಿನಲ್ಲಿ ಕಾಕ್ ಇರುತ್ತಿತ್ತು, ಅದರಲ್ಲಿ ಎತ್ತರದ್ದೊಂದು ತಗ್ಗಿನದ್ದೊಂದು ಕೊಳವೆ. ಗಾಡಿ ಗಕ್ಕನೆ ಕೆಮ್ಮಿದರೆ ಎಡಗೈ ತಾನಾಗಿ ಕೆಳಗಿಳಿದು ಕಾಕ್ ತಿರುಗಿಸುತ್ತಿತ್ತು. ಅದೂ ಮುಗಿದರೆ ಗಾಡಿಯನ್ನು ಪಕ್ಕಕ್ಕೆ ಮಲಗಿಸಿ ಎತ್ತಿ, ಕೊನೇ ಹನಿಗಳನ್ನು ಕಾರ್ಬುರೇಟರಿಗೆ ಇಳಿಸಿ ಬಂಕ್ ಮುಟ್ಟುವುದು ಎಲ್ಲರಿಗೂ ಗೊತ್ತಿದ್ದ ವಿದ್ಯೆ. ಎಫ್‌ಐ ಗಾಡಿಯ ಪಂಪ್ ಪೆಟ್ರೋಲಿನಲ್ಲೇ ಮುಳುಗಿ, ಅದರಿಂದಲೇ ತಂಪಾಗುತ್ತದೆ. ಕೊನೇ ಗೆರೆ ಮಿನುಗುತ್ತಿದ್ದರೂ “ಇನ್ನೊಂದಿಪ್ಪತ್ತು ಕಿಲೋಮೀಟರ್ ಹೋಗುತ್ತೆ” ಎಂದು ದಿನವೂ ಓಡಿಸುವವರ ಪಂಪ್ ಬಿಸಿಯಾಗುತ್ತದೆ, ಗಾಳಿ ಎಳೆಯುತ್ತದೆ, ತಳದ ಕಸವನ್ನೂ ಎಳೆಯುತ್ತದೆ. ಹಾಳಾದರೆ ಅದರ ಖರ್ಚು ಸಾವಿರಗಳ ಲೆಕ್ಕದ್ದು. 50 ರೂಪಾಯಿ ಪೆಟ್ರೋಲ್ ಹಾಕಿಸಿ ಓಡಾಡುವ ಅಭ್ಯಾಸ ಹಳೇ ಗಾಡಿಗೆ ಏನೂ ಮಾಡುತ್ತಿರಲಿಲ್ಲ. ಈಗ ಅದು ದುಬಾರಿ.

ಎರಡನೆಯದು ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರ್ ತಿರುಚುವುದು. ಕಾರ್ಬುರೇಟರಿಗೆ ಅದು ಕೆಲವೊಮ್ಮೆ ಬೇಕಾಗುತ್ತಿತ್ತು, ಚಳಿಗಾಲದಲ್ಲಿ ಚೋಕ್ ಎಳೆಯುವುದೂ ಬೇಕಿತ್ತು. ಈಗ ತಣ್ಣಗಿರುವ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬೇಕೆಂದು ಸೆನ್ಸರ್ ನೋಡಿ ಇಸಿಯು ತಾನೇ ಕೊಡುತ್ತದೆ. ಕೀ ಹಾಕಿ, ಪಂಪಿನ ಸದ್ದು ನಿಲ್ಲುವವರೆಗೆ ತಡೆದು, ಕೈ ತಿರುಚದೆ ಸೆಲ್ಫ್ ಒತ್ತಿದರೆ ಆಯಿತು. ಕೀ ತಿರುಗಿಸುವುದೂ ಬಟನ್ ಒತ್ತುವುದೂ ಒಂದೇ ಉಸಿರಿಗೆ ಮಾಡುವವರು ಪಂಪಿಗೆ ಒತ್ತಡ ಕಟ್ಟಲು ಸಮಯವನ್ನೇ ಕೊಡುವುದಿಲ್ಲ.

ಮೂರನೆಯದು ಬ್ಯಾಟರಿ ಸತ್ತರೂ ಕಿಕ್ ಹೊಡೆದರಾಯಿತು ಎಂಬ ಧೈರ್ಯ. ಎಷ್ಟೋ ಹೊಸ ಗಾಡಿಗಳಲ್ಲಿ ಕಿಕ್ಕರೇ ಇಲ್ಲ. ಇದ್ದರೂ ಪಂಪ್, ಇಸಿಯು, ಇಂಜೆಕ್ಟರ್ ಮೂರಕ್ಕೂ ಕರೆಂಟ್ ಬೇಕು. ಬ್ಯಾಟರಿ ಸೊರಗಿ, ಸೆಲ್ಫ್ ತಿರುಗಿಸುವಷ್ಟು ಶಕ್ತಿ ಮಾತ್ರ ಅದರಲ್ಲಿ ಇಲ್ಲದಿದ್ದರೆ ಕಿಕ್ ಹೊಡೆದೋ, ಇಳಿಜಾರಿನಲ್ಲಿ ತಳ್ಳಿಯೋ ಚಾಲೂ ಆಗಬಹುದು. ಪೂರ್ತಿ ಸತ್ತಿದ್ದರೆ ತಳ್ಳಿದವರಿಗೆ ಬೆವರಷ್ಟೇ ಲಾಭ. ಜೊತೆಗೆ ಉರಿಯದ ಪೆಟ್ರೋಲ್ ಸೈಲೆನ್ಸರಿನೊಳಗೆ ಹೊಗೆ ಶುಚಿಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದರೆ ಅದಕ್ಕೂ ಕೇಡು. ಹಾಗಾಗಿ ಮನೆಯಲ್ಲಿ ಒಂದು ಅಗ್ಗದ ಮಲ್ಟಿಮೀಟರ್ ಇದ್ದರೆ ಒಳ್ಳೆಯದು. ರಾತ್ರಿ ನಿಲ್ಲಿಸಿದ ಗಾಡಿಯ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ಆಸುಪಾಸು ತೋರಿಸಿದರೆ ತುಂಬಿದೆ. 12ಕ್ಕಿಂತ ಕೆಳಗಿದ್ದರೆ ಖಾಲಿ ಎಂದೇ ಲೆಕ್ಕ. ಎಂಜಿನ್ ಓಡುವಾಗ, ಸ್ವಲ್ಪ ರೇಸ್ ಕೊಟ್ಟರೆ, 13.5ರಿಂದ 14.5ರ ಒಳಗೆ ಇರಬೇಕು. ಏರದಿದ್ದರೆ ತಪ್ಪು ಚಾರ್ಜಿಂಗ್ ಕಡೆ ಇದೆ. ಹೊಸ ಬ್ಯಾಟರಿ ಹಾಕಿದರೂ ಅದು ಮತ್ತೆ ಸಾಯುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರ್ ಕಿತ್ತು “ಚಾರ್ಜ್ ಆಗ್ತಿದೆಯಾ ನೋಡೋಣ” ಎನ್ನುವ ಹಳೇ ಪರೀಕ್ಷೆಯನ್ನು ಯಾರಿಗೂ ಮಾಡಲು ಬಿಡಬೇಡಿ. ಆ ಗಳಿಗೆಯಲ್ಲಿ ವೋಲ್ಟೇಜ್ ಜಿಗಿದು ಇಸಿಯು ಸುಡಬಹುದು.

ನಾಲ್ಕನೆಯದು ವಾಟರ್ ವಾಶ್. ಕೆಸರು ಹೋಗಬೇಕು ಸರಿ, ಆದರೆ ಹೈ ಪ್ರೆಶರ್ ಗನ್ನನ್ನು ಕನೆಕ್ಟರ್‌ಗಳಿಗೆ, ಚಕ್ರದ ಬೇರಿಂಗಿಗೆ, ಹ್ಯಾಂಡಲ್ ಸ್ವಿಚ್ಚುಗಳಿಗೆ ಹತ್ತಿರದಿಂದ ಹಿಡಿದರೆ ನೀರು ಒಳಗೆ ಸೇರುತ್ತದೆ. ಇಂದು ತೊಳೆಸಿದ ಗಾಡಿಯ ಎಂಜಿನ್ ದೀಪ ನಾಳೆ ಉರಿದರೆ ಆಶ್ಚರ್ಯವಿಲ್ಲ. ಬಕೆಟ್ಟು, ಶಾಂಪೂ, ಬಟ್ಟೆ ಸಾಕು.

ಗಾಡಿ ಸ್ಟಾರ್ಟ್ ಆಗದಿದ್ದರೆ

ಹ್ಯಾಂಡಲ್ಲಿನ ಕೆಂಪು ಕಿಲ್ ಸ್ವಿಚ್ ನೋಡಿ. ಶಾಲೆ ಬಿಡುವ ಹೊತ್ತಿಗೆ ರಸ್ತೆಬದಿ ನಿಲ್ಲಿಸಿದ ಗಾಡಿಯಲ್ಲಿ ಇದನ್ನು ಒತ್ತಿ ಹೋಗುವುದು ಮಕ್ಕಳಿಗೆ ಇಷ್ಟದ ಆಟ. ಆಮೇಲೆ ಸೈಡ್ ಸ್ಟ್ಯಾಂಡ್. ಎಷ್ಟೋ ಬಿಎಸ್6 ಗಾಡಿಗಳು ಸ್ಟ್ಯಾಂಡ್ ಇಳಿದಿದ್ದರೆ ಗೇರಿನಲ್ಲಿ ಚಾಲೂ ಆಗುವುದಿಲ್ಲ, ಕೆಲವು ಸುತರಾಂ ಆಗುವುದಿಲ್ಲ. ಆ ಸ್ಟ್ಯಾಂಡಿನ ಸ್ವಿಚ್ಚಿಗೆ ಕೆಸರು ಮೆತ್ತಿಕೊಂಡು, ಸ್ಟ್ಯಾಂಡ್ ಮೇಲಿದ್ದರೂ ಗಾಡಿ “ಇಳಿದಿದೆ” ಎಂದುಕೊಳ್ಳುವುದೂ ಉಂಟು. ಮಳೆಗಾಲದಲ್ಲಿ ಇದು ಮಾಮೂಲು, ನೀರು ಹಾಕಿ ತೊಳೆದರೆ ಸರಿಹೋಗುತ್ತದೆ.

ಗಾಡಿ ಬಿದ್ದು ಎತ್ತಿದ ಮೇಲೆ ಸ್ಟಾರ್ಟ್ ಆಗುತ್ತಿಲ್ಲವೇ? ಗಾಡಿ ಮಗುಚಿದರೆ ಪಂಪನ್ನೂ ಕಿಡಿಯನ್ನೂ ನಿಲ್ಲಿಸುವ ಸೆನ್ಸರ್ ಅನೇಕ ಮಾದರಿಗಳಲ್ಲಿದೆ. ಬಿದ್ದ ಗಾಡಿಯಿಂದ ಪೆಟ್ರೋಲ್ ಚಿಮ್ಮಿ ಬೆಂಕಿ ಹತ್ತಬಾರದೆಂದು ಅದನ್ನಿಟ್ಟಿದ್ದಾರೆ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಕೀ ಪೂರ್ತಿ ಆಫ್ ಮಾಡಿ, ಸ್ವಲ್ಪ ತಡೆದು ಮತ್ತೆ ಆನ್ ಮಾಡಿದರೆ ಅದು ಮೊದಲಿನ ಸ್ಥಿತಿಗೆ ಬರುತ್ತದೆ. ಇಷ್ಟು ಗೊತ್ತಿಲ್ಲದೆ ಟೆಂಪೋದಲ್ಲಿ ಹೇರಿಸಿಕೊಂಡು ಹೋದ ಗಾಡಿಗಳು ಊರೂರಲ್ಲೂ ಸಿಗುತ್ತವೆ.

ಇದ್ಯಾವುದೂ ಅಲ್ಲದಿದ್ದರೆ ಕೀ ಹಾಕಿ ಕಿವಿಗೊಡಿ. “ಜುಂಯ್” ಬಂತೇ? ಬರಲಿಲ್ಲವಾದರೆ ಫ್ಯೂಸ್, ಬ್ಯಾಟರಿಯ ಟರ್ಮಿನಲ್, ಪಂಪು ಈ ಕ್ರಮದಲ್ಲಿ ನೋಡಬೇಕು. ಟರ್ಮಿನಲ್ ಸಡಿಲವಾಗಿರುವುದು, ಹಸಿರು-ಬಿಳಿ ಪುಡಿ ಕಟ್ಟಿರುವುದು ಬಹಳ ಸಾಮಾನ್ಯ. ಸದ್ದು ಬಂದು, ಸೆಲ್ಫ್ ಚುರುಕಾಗಿ ತಿರುಗಿಯೂ ಎಂಜಿನ್ ಹಿಡಿಯುತ್ತಿಲ್ಲವಾದರೆ ಪ್ಲಗ್ ಕಡೆ ನೋಡಿ. ಪ್ಲಗ್ ಬಿಚ್ಚುವುದು ಈಗಲೂ ಮನೆಕೆಲಸವೇ. ತುದಿ ತಿಳಿಗಂದು ಬಣ್ಣಕ್ಕಿದ್ದರೆ ಆರೋಗ್ಯ, ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು ಅಥವಾ ಫಿಲ್ಟರ್ ಕಟ್ಟಿದೆ, ಜಿಡ್ಡು ಕಪ್ಪಾಗಿದ್ದರೆ ಆಯಿಲ್ ಒಳಗೆ ಬರುತ್ತಿದೆ.

ಎಂಜಿನ್ ಚಿತ್ರದ ಹಳದಿ ದೀಪವನ್ನು ಕಂಡು ಗಾಬರಿಯಾಗುವುದೂ ಬೇಡ, ಅಲಕ್ಷ್ಯವೂ ಬೇಡ. ಕೀ ಹಾಕಿದಾಗ ಅದು ಹೊತ್ತಬೇಕು, ಎಂಜಿನ್ ಚಾಲೂ ಆದ ಮೇಲೆ ಆರಿರಬೇಕು. ಆರದಿದ್ದರೆ ಯಾವುದೋ ಸೆನ್ಸರ್ ದೂರು ಕೊಟ್ಟಿದೆ. ಕೆಲವು ಕಂಪನಿಗಳ ಗಾಡಿಗಳಲ್ಲಿ ಈ ದೀಪವೇ ಮಿನುಗಿ ದೋಷದ ಸಂಖ್ಯೆ ಹೇಳುತ್ತದೆ: ಉದ್ದದ ಮಿನುಗು ಹತ್ತು, ಗಿಡ್ಡದ್ದು ಒಂದು. ಒಂದು ಉದ್ದ, ಎರಡು ಗಿಡ್ಡ ಅಂದರೆ 12. ಆ ಮಿನುಗನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಗ್ಯಾರೇಜಿಗೆ ಹೋದರೆ “ಇಡೀ ಕಿಟ್ ಬದಲಾಯಿಸಬೇಕು” ಎಂಬ ಮಾತಿಗೆ ಅವಕಾಶ ಕಡಿಮೆಯಾಗುತ್ತದೆ.

ಪೆಟ್ರೋಲಿನ ಬಗ್ಗೆಯೂ ಒಂದು ಮಾತು ಹೇಳಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಧನ ಸಮಾವೇಶದಲ್ಲೇ ಇ20, ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆಸಿದ ಪೆಟ್ರೋಲನ್ನು ಬಿಡುಗಡೆ ಮಾಡಿದ್ದು. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ. ಹಾಗಾಗಿ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಇ20ಯಲ್ಲಿ ಶೇ. 6–7ರಷ್ಟು ಶಕ್ತಿ ಕಡಿಮೆ. ಮೈಲೇಜಿನಲ್ಲಿ ಸ್ವಲ್ಪ ಇಳಿತ ಕಂಡರೆ ಅದರಲ್ಲಿ ಗಾಡಿಯ ತಪ್ಪಿಲ್ಲ. ಎಥನಾಲ್ ಉರಿಯಲು ಗಾಳಿಯೂ ಕಡಿಮೆ ಸಾಕು. ಎಫ್‌ಐ ಗಾಡಿ ಇದನ್ನು ಗುರುತಿಸಿ ಹೊಂದಿಸಿಕೊಳ್ಳುತ್ತದೆ, ಹಳೇ ಕಾರ್ಬುರೇಟರ್ ಗಾಡಿಗೆ ಅದು ಆಗುವುದಿಲ್ಲ. ಹಳೇ ಗಾಡಿಯ ರಬ್ಬರ್ ಪೈಪು, ವಾಶರ್‌ಗಳು ಎಥನಾಲಿಗೆಂದು ಮಾಡಿದವಲ್ಲ, ಆಗಾಗ ಮುಟ್ಟಿ ನೋಡುತ್ತಿರಬೇಕು. ಇನ್ನೊಂದು ಗುಣ, ಎಥನಾಲ್ ತೇವ ಹೀರುತ್ತದೆ. ಹೀರಿದ್ದು ಮಿತಿ ಮೀರಿದರೆ ನೀರೂ ಎಥನಾಲೂ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ತಳದಲ್ಲಿರುವುದು ಪಂಪು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆಗಾಲವಿಡೀ ಗಾಡಿ ನಿಲ್ಲಿಸಿ ಊರು ಬಿಡುವವರು ಟ್ಯಾಂಕ್ ತುಂಬಿಸಿ ಹೋಗುವುದು ಮೇಲು. ಖಾಲಿ ಜಾಗ ಕಡಿಮೆಯಾದಷ್ಟು ಒಳಗೆ ಬೆವರುವ ನೀರೂ ಕಡಿಮೆ.

ಇನ್ನು ಚೈನು

ಕಂಪ್ಯೂಟರಿಗೆ ಸುಳಿವೇ ಇಲ್ಲದ ಭಾಗ ಇದು. ಯಾವ ದೀಪವೂ ಇದಕ್ಕಾಗಿ ಉರಿಯುವುದಿಲ್ಲ. ಎಂಜಿನ್ ಮಾಡಿದ್ದೆಲ್ಲ ಹಿಂದಿನ ಚಕ್ರಕ್ಕೆ ತಲುಪುವುದು ಇದೊಂದರ ಮೂಲಕ.

ಸಾಮಾನ್ಯ 100–125 ಸಿಸಿ ಗಾಡಿಯ ಚೈನಿನಲ್ಲಿ ನೂರಕ್ಕೂ ಹೆಚ್ಚು ಕೊಂಡಿಗಳಿವೆ, ಒಂದು ಪಿನ್ನಿನಿಂದ ಇನ್ನೊಂದಕ್ಕೆ 12.7 ಮಿಲಿಮೀಟರ್, ಅರ್ಧ ಇಂಚು. “ಚೈನ್ ಎಳೆದುಕೊಂಡಿದೆ” ಎನ್ನುತ್ತೇವೆ. ನಿಜವಾಗಿ ಉಕ್ಕು ರಬ್ಬರಿನಂತೆ ಉದ್ದವಾಗುವುದಿಲ್ಲ; ಪ್ರತಿ ಕೊಂಡಿಯೊಳಗಿನ ಪಿನ್ನೂ ಬುಷ್ಷೂ ಒಂದಕ್ಕೊಂದು ಉಜ್ಜಿ ಸವೆಯುತ್ತವೆ. ಒಂದೊಂದರಲ್ಲಿ ಹತ್ತನೇ ಒಂದು ಮಿಲಿಮೀಟರ್ ಸವೆದರೂ ಇಡೀ ಚೈನ್ ಒಂದು ಸೆಂಟಿಮೀಟರಿಗಿಂತ ಹೆಚ್ಚು ಉದ್ದವಾಯಿತು. ಆಗ ಕೊಂಡಿಯ ಅಂತರ ಹೆಚ್ಚಾಗಿರುತ್ತದೆ, ಚೈನ್ ಕೂರುವ ಹಲ್ಲಿನ ಚಕ್ರದ, ಅಂದರೆ ಸ್ಪ್ರಾಕೆಟ್ಟಿನ, ಹಲ್ಲಿನ ಅಂತರ ಹಾಗೇ ಇರುತ್ತದೆ. ಚೈನ್ ಹಲ್ಲಿನ ಬುಡದಲ್ಲಿ ಕೂರದೆ ಮೇಲಕ್ಕೆ ಏರುತ್ತದೆ, ಹಲ್ಲನ್ನು ಕೊಕ್ಕೆಯಾಕಾರಕ್ಕೆ ಅರೆಯುತ್ತದೆ. ಹಳೇ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಅದೂ ಬೇಗ ಕೆಡುವುದರಿಂದ ಮುಂದಿನ ಸ್ಪ್ರಾಕೆಟ್, ಹಿಂದಿನದು, ಚೈನು ಮೂರನ್ನೂ ಸೆಟ್ಟಾಗಿಯೇ ಬದಲಿಸುತ್ತಾರೆ. ಇಲ್ಲಿ ಮೆಕ್ಯಾನಿಕ್ ಹೇಳುವುದು ಸರಿ, ಚೌಕಾಸಿ ಬೇಡ. ಸವೆತ ತಿಳಿಯಲು ಹಿಂದಿನ ಸ್ಪ್ರಾಕೆಟ್ಟಿನ ಹಿಂಭಾಗದಲ್ಲಿ, ಚೈನ್ ಸುತ್ತಿ ತಿರುಗುವ ಜಾಗದಲ್ಲಿ, ಒಂದು ಕೊಂಡಿಯನ್ನು ಬೆರಳಲ್ಲಿ ಹೊರಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಅದರ ಆಯಸ್ಸು ಮುಗಿದಿದೆ.

ಸಡಿಲ ಎಷ್ಟಿರಬೇಕು? ಎರಡು ಸ್ಪ್ರಾಕೆಟ್ಟುಗಳ ನಡುವೆ, ಕೆಳಗಿನ ಸಾಲಿನಲ್ಲಿ, ಬೆರಳಿನಿಂದ ಮೇಲೆ-ಕೆಳಗೆ ಆಡಿಸಿದರೆ ಒಟ್ಟು ಎರಡರಿಂದ ಮೂರು ಸೆಂಟಿಮೀಟರ್. ನಿಖರ ಅಳತೆ ನಿಮ್ಮ ಗಾಡಿಯ ಪುಸ್ತಕದಲ್ಲಿದೆ. ಪೂರ್ತಿ ಚೈನ್ ಕವರ್ ಇರುವ ಗಾಡಿಗಳಲ್ಲಿ ಇದನ್ನು ನೋಡಲೆಂದೇ ಕವರಿನಲ್ಲಿ ಒಂದು ರಬ್ಬರ್ ಬಿರಡೆ ಇರುತ್ತದೆ. ವರ್ಷಗಟ್ಟಲೆ ಗಾಡಿ ಓಡಿಸಿದವರೂ ಅದನ್ನು ಒಮ್ಮೆಯೂ ತೆಗೆದಿರುವುದಿಲ್ಲ. ಚಕ್ರವನ್ನು ನಿಧಾನ ತಿರುಗಿಸುತ್ತ ನಾಲ್ಕೈದು ಕಡೆ ನೋಡಿ, ಯಾಕೆಂದರೆ ಚೈನ್ ಎಲ್ಲಾ ಕಡೆ ಸಮ ಸವೆಯುವುದಿಲ್ಲ. ಅಳತೆ ಹಿಡಿಯಬೇಕಾದದ್ದು ಅತಿ ಬಿಗಿಯಾದ ಜಾಗದಲ್ಲಿ.

ಸದ್ದು ಬರುತ್ತದೆಂದು ಬಿಗಿಯಾಗಿ ಎಳೆಸುವವರೇ ಹೆಚ್ಚು. ಸಡಿಲ ಚೈನಿಗಿಂತ ಬಿಗಿ ಚೈನ್ ಕೆಟ್ಟದ್ದು. ಹಿಂದಿನ ಚಕ್ರ ಗುಂಡಿ ಇಳಿದು ಹತ್ತುವಾಗ ಅದನ್ನು ಹಿಡಿದಿರುವ ತೋಳು, ಅಂದರೆ ಸ್ವಿಂಗ್ ಆರ್ಮ್, ಮೇಲೆ-ಕೆಳಗೆ ಆಡುತ್ತದೆ. ಅದು ಆಡುವ ಕೀಲು ಮುಂದಿನ ಸ್ಪ್ರಾಕೆಟ್ಟಿನ ಹಿಂದೆ ಇರುವುದರಿಂದ, ಚಕ್ರದ ಆಕ್ಸಲ್, ಕೀಲು, ಮುಂದಿನ ಸ್ಪ್ರಾಕೆಟ್ ಮೂರೂ ಒಂದೇ ಗೆರೆಗೆ ಬಂದಾಗ ಚೈನಿನ ಹಾದಿ ಅತಿ ಉದ್ದ. ಸೆಂಟರ್ ಸ್ಟ್ಯಾಂಡಿನಲ್ಲಿ ನಿಂತಾಗ ಆ ಗೆರೆ ಬರುವುದಿಲ್ಲ, ಹಿಂದೆ ಒಬ್ಬರನ್ನು ಕೂರಿಸಿ ಹಂಪ್ ಹಾರಿದಾಗ ಬರುತ್ತದೆ. ಬಿಗಿ ಇದ್ದರೆ ಆ ಎಳೆತವೆಲ್ಲ ಗೇರ್‌ಬಾಕ್ಸಿನ ಬೇರಿಂಗ್ ಮೇಲೆ. ಹೊಂದಿಸುವಾಗ ಸ್ವಿಂಗ್ ಆರ್ಮಿನ ಎರಡೂ ಬದಿಯ ಗೀಟುಗಳು ಒಂದೇ ಅಂಕೆಯಲ್ಲಿರಲಿ, ಇಲ್ಲದಿದ್ದರೆ ಚಕ್ರ ಓರೆಯಾಗಿ ಚೈನ್ ಒಂದು ಪಕ್ಕಕ್ಕೆ ಸವೆಯುತ್ತದೆ. ಚೈನ್ ಜೋಡಿಸುವ ಲಾಕಿನ ಮುಚ್ಚಿದ ತಲೆ ಚೈನ್ ಓಡುವ ದಿಕ್ಕಿಗಿರಬೇಕು, ಸೀಳು ಹಿಂದಕ್ಕೆ. ಮೆಕ್ಯಾನಿಕ್ ಕೆಲಸ ಮುಗಿಸಿದ ಮೇಲೆ ಇದೊಂದನ್ನು ಬಗ್ಗಿ ನೋಡಿ.

ಎಣ್ಣೆ ಹಾಕುವುದು ಸುಮಾರು 500 ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ನೆನೆದರೆ ಅದಕ್ಕೂ ಮೊದಲು. 90 ನಂಬರಿನ ಗೇರ್ ಆಯಿಲ್ ಸಾಕು, ಸ್ಪ್ರೇ ಇದ್ದರೆ ಇನ್ನೂ ಸಲೀಸು. ಬದಲಾಯಿಸಿ ತೆಗೆದ ಕರಿ ಎಂಜಿನ್ ಆಯಿಲ್ ಬೇಡ, ಅದರಲ್ಲಿ ಲೋಹದ ನುಣ್ಪುಡಿ ಇರುತ್ತದೆ. ಓ-ರಿಂಗ್ ಚೈನ್ ಇರುವ ದೊಡ್ಡ ಗಾಡಿಗಳಲ್ಲಿ ಪೆಟ್ರೋಲ್ ಹಾಕಿ ಉಜ್ಜಿದರೆ ರಬ್ಬರ್ ಉಂಗುರಗಳು ಕೆಡುತ್ತವೆ. ಗಾಡಿ ಓಡಿಸಿ ಬಂದ ಮೇಲೆ, ಚೈನ್ ಬೆಚ್ಚಗಿರುವಾಗ, ಕೆಳಸಾಲಿನ ಒಳಮುಖಕ್ಕೆ ಹನಿ ಬಿಡುತ್ತಾ ಚಕ್ರವನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ. ತಿರುಗುವಾಗ ಎಣ್ಣೆ ಹೊರಕ್ಕೆ ಹರಡಿಕೊಂಡು ಪಿನ್ನುಗಳಿಗೆ ತಲುಪುತ್ತದೆ. ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕಿ, ಓಡುವ ಚೈನಿಗೆ ಬಟ್ಟೆ ಹಿಡಿಯುವವರನ್ನು ಈಗಲೂ ನೋಡುತ್ತೇನೆ. ಬಟ್ಟೆಯ ಜೊತೆ ಬೆರಳೂ ಸ್ಪ್ರಾಕೆಟ್ಟಿಗೆ ಹೋಗಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಎಂಜಿನ್ ಆಫ್, ಗೇರ್ ನ್ಯೂಟ್ರಲ್, ಇದರಲ್ಲಿ ರಾಜಿಯಿಲ್ಲ.

ಆಯಿಲ್ ವಿಷಯಕ್ಕೆ ಬಂದರೆ, ಕಾರಿನಲ್ಲಿ ಮೂರು-ನಾಲ್ಕು ಲೀಟರ್ ಹಂಚಿಕೊಂಡು ಮಾಡುವ ಕೆಲಸವನ್ನು ಬೈಕಿನಲ್ಲಿ ಸುಮಾರು ಒಂದು ಲೀಟರ್ ಮಾಡುತ್ತದೆ. ಪಿಸ್ಟನ್, ಗೇರು, ಕ್ಲಚ್ ಪ್ಲೇಟು ಮೂರಕ್ಕೂ ಸಿಗುವುದು ಅದೇ ಆಯಿಲ್ಲು. ಡಬ್ಬದ ಮೇಲೆ ‘ಜಾಸೋ ಎಂಎ’ ಅಥವಾ ‘ಎಂಎ2’ ಎಂದಿರಬೇಕು ಎನ್ನುವುದು ಇದಕ್ಕೇ. ಕಾರಿನ ಆಯಿಲ್ಲಿನಲ್ಲಿ ಜಾರಿಕೆ ಹೆಚ್ಚಿಸುವ ಅಂಶಗಳಿರಬಹುದು. ಜಾರಬಾರದ ಕ್ಲಚ್ ಪ್ಲೇಟು ಅದರಿಂದ ಜಾರುತ್ತದೆ. 10ಡಬ್ಲ್ಯು30 ಬೇಕೆಂದ ಗಾಡಿಗೆ “ದಪ್ಪ ಇದ್ರೆ ಒಳ್ಳೇದು” ಎಂದು 20ಡಬ್ಲ್ಯು50 ಹಾಕಿಸುವುದೂ ತಪ್ಪು. ಅಳೆಯುವಾಗ ಗಾಡಿ ನೆಟ್ಟಗಿರಲಿ. ಡಿಪ್‌ಸ್ಟಿಕ್ಕನ್ನು ತಿರುಗಿಸಿ ಬಿಗಿಮಾಡದೆ ಸುಮ್ಮನೆ ಇಳಿಸಿ ನೋಡಬೇಕಾದ ಗಾಡಿಗಳೇ ಹೆಚ್ಚು. ಮನೆಯಿಂದ ಅಂಗಡಿಗೆ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ತೇವ ಹಾಗೇ ಉಳಿದು, ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ನೊರೆ ಕಟ್ಟುತ್ತದೆ. ಕಡಿಮೆ ಓಡಿಸುವವರು ಕಿಲೋಮೀಟರ್ ಲೆಕ್ಕ ಬಿಟ್ಟು ತಿಂಗಳ ಲೆಕ್ಕದಲ್ಲಿ ಆಯಿಲ್ ಬದಲಿಸಬೇಕು. ಹೊಸ ಗಾಡಿಗಳ ಎಣ್ಣೆ ಸವರಿದ ಕಾಗದದ ಏರ್ ಫಿಲ್ಟರನ್ನು ಗಾಳಿ ಹೊಡೆದು ಶುಚಿಮಾಡುವ ಹಾಗಿಲ್ಲ. ಊದಿದರೆ ಎಣ್ಣೆ ಹೋಗಿ ಧೂಳು ಒಳಕ್ಕೆ ದಾರಿ ಹಿಡಿಯುತ್ತದೆ, ಬದಲಿಸುವುದೊಂದೇ ಉಪಾಯ.

ಕ್ಲಚ್ ಲಿವರಿನ ತುದಿಯಲ್ಲಿ ಒಂದರಿಂದ ಎರಡು ಸೆಂಟಿಮೀಟರ್ ಆಟ ಇರಬೇಕು. ಆಟವೇ ಇಲ್ಲದಿದ್ದರೆ ನೀವು ಕೈಬಿಟ್ಟಾಗಲೂ ಕ್ಲಚ್ ಅರ್ಧ ಒತ್ತಿದ ಹಾಗೆಯೇ. ಏರಿನಲ್ಲಿ ಟಾಪ್ ಗೇರಿನಲ್ಲಿ ರೇಸ್ ಕೊಟ್ಟರೆ ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಮೊದಲ ಗೇರಿನಲ್ಲೇ ಕ್ಲಚ್ ಹಿಡಿದು ನಿಲ್ಲುವವರು ನ್ಯೂಟ್ರಲ್ ಮಾಡಿದರೆ ಪ್ಲೇಟೂ ಕೇಬಲ್ಲೂ ಬಾಳುತ್ತವೆ. ಡ್ರಮ್ ಬ್ರೇಕಿನ ಹೊರಗೆ ಸಣ್ಣದೊಂದು ಬಾಣದ ಗುರುತಿದೆ. ಬ್ರೇಕ್ ಒತ್ತಿದಾಗ ಅದು ಮಿತಿಯ ಗೆರೆ ಮುಟ್ಟಿದರೆ ಶೂ ಮುಗಿದಿದೆ. ಡಿಸ್ಕ್ ಇದ್ದರೆ ಬ್ರೇಕ್ ಫ್ಲುಯಿಡ್ ಎರಡು ವರ್ಷಕ್ಕೊಮ್ಮೆ ಹೊಸದಾಗಬೇಕು, ಅದು ತೇವ ಹೀರುತ್ತದೆ, ಘಾಟಿಯ ಇಳಿಜಾರಿನಲ್ಲಿ ಬಿಸಿಯಾದಾಗ ಒಳಗೆ ಆವಿಯಾಗಿ ಲಿವರ್ ಮೆತ್ತಗಾಗುತ್ತದೆ. ಮುಂದಿನ ಬ್ರೇಕ್ ಹಿಡಿದರೆ ಮಗುಚುತ್ತೇವೆ ಎಂಬ ಹೆದರಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಒಣ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ, ನಿಲ್ಲಿಸುವ ಶಕ್ತಿ ಇರುವುದೂ ಅಲ್ಲೇ. ಹೆದರಬೇಕಾದದ್ದು ತಿರುವಿನಲ್ಲಿ, ಮರಳಿನಲ್ಲಿ, ಚಕ್ರ ಓರೆ ಇದ್ದಾಗ. 2019ರಲ್ಲಿ 125 ಸಿಸಿವರೆಗಿನ ಗಾಡಿಗಳಿಗೆ ಸಿಬಿಎಸ್ ಇಲ್ಲವೇ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, ಅದಕ್ಕೂ ಮೇಲಿನವಕ್ಕೆ ಎಬಿಎಸ್ ಕಡ್ಡಾಯವಾದದ್ದು ಈ ಅಭ್ಯಾಸದ ಕಾರಣಕ್ಕೂ ಇರಬೇಕು. ಸಿಬಿಎಸ್ ಬೈಕಿನಲ್ಲಿ ಕಾಲಿನ ಪೆಡಲ್ ಒತ್ತಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ.

ಟೈರಿನ ಗಾಳಿ ಮುಂದೆ 25, ಹಿಂದೆ ಒಬ್ಬರಿದ್ದರೆ 28–29 ಪಿಎಸ್‌ಐ ಎನ್ನುವುದು ಅನೇಕ 100–125 ಸಿಸಿ ಗಾಡಿಗಳ ಲೆಕ್ಕ, ಇಬ್ಬರಿದ್ದರೆ ಹಿಂದೆ ಇನ್ನೂ ಹೆಚ್ಚು. ಚೈನ್ ಕವರ್ ಇಲ್ಲವೇ ಸ್ವಿಂಗ್ ಆರ್ಮಿನ ಸ್ಟಿಕ್ಕರಿನಲ್ಲಿ ನಿಮ್ಮ ಗಾಡಿಯದು ಬರೆದಿರುತ್ತದೆ. ಟೈರ್ ತಣ್ಣಗಿದ್ದಾಗ ನೋಡಿಸಿ. ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿ ಅದು ತಯಾರಾದ ವಾರ ಮತ್ತು ವರ್ಷ: 3224 ಎಂದರೆ 2024ರ 32ನೇ ವಾರ.

ಗ್ಯಾರೇಜಿನವರಿಗೇ ಬಿಡಬೇಕಾದ ಕೆಲಸಗಳಲ್ಲಿ ಟ್ಯಾಪೆಟ್ ಒಂದು. ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವೆ ಹತ್ತನೇ ಒಂದು ಮಿಲಿಮೀಟರಿನ ಆಸುಪಾಸು ಸಂದು ಬೇಕು, ಬಿಸಿಗೆ ಲೋಹ ಹಿಗ್ಗಲು ಜಾಗ ಅದು. “ಟ್ಯಾಪೆಟ್ ಸೌಂಡ್ ಬರ್ತಿದೆ ಅಣ್ಣ, ಬರದಂಗೆ ಮಾಡು” ಎಂದರೆ ಆತ ಬಿಗಿ ಮಾಡಿ ಸದ್ದು ಅಡಗಿಸಬಲ್ಲ. ಗಿರಾಕಿಗೂ ಖುಷಿ. ಆದರೆ ಸಂದು ತೀರಾ ಕಿರಿದಾದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಸಂದಿಯಿಂದ ಬೆಂಕಿ ನುಗ್ಗಿ ಅದರ ಅಂಚು ಸುಡುತ್ತದೆ, ಪಿಕಪ್ ಹೋಗುತ್ತದೆ. ಸ್ವಲ್ಪ ಟಿಕ್‌ಟಿಕ್ ಇರುವ ಎಂಜಿನ್ನೇ ವಾಸಿ. ಅಳತೆ ಹಿಡಿಯಬೇಕಾದದ್ದು ಎಂಜಿನ್ ಪೂರ್ತಿ ತಣ್ಣಗಿರುವಾಗ, ಹತ್ತು ನಿಮಿಷ ಫ್ಯಾನ್ ಹಿಡಿದರೆ ಅದು ಸಾಲದು. ಹಾಗಾಗಿ ಟ್ಯಾಪೆಟ್ ಕೆಲಸ ಇದ್ದರೆ ಗಾಡಿಯನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ನೋಡಲಿ.